ಕೇಳದೆ ಬಡಿಸಿದ್ದು

ರಸ್ಟ್‌ನಲ್ಲಿ ಬರೆಯುತ್ತೇನೆ ಅಂದೆ.
ಬೆಳ್ಯಪ್ಪನವರು ಲೋಟ ಕೆಳಗಿಟ್ಟರು.
ಸುಂಟಿಕೊಪ್ಪದಲ್ಲಿ ಆ ಪದಕ್ಕೆ ಒಂದೇ ಅರ್ಥ:
ಅರೇಬಿಕಾ ಎಲೆಯ ಬೆನ್ನಿಗೆ ಹತ್ತುವ ಕಿತ್ತಳೆ ಪುಡಿ.
"ಬೋರ್ಡೋ ಹೊಡೆದಿದ್ದೀಯ ತಾನೆ?"
ಅವರು ನಗಲಿಲ್ಲ. ನಾನು ಮೆಟ್ಟಿಲಿಳಿದ ಮೇಲೆ ನಕ್ಕೆ.

ಕೆಲಸ ಸಣ್ಣದು.
ಕಣದಲ್ಲಿ ಹರಡಿದ ಕಾಫಿಗೆ ಕಡ್ಡಿ ಚುಚ್ಚಿದರೆ
ತೇವ ಎಷ್ಟೆಂದು ಪೆಟ್ಟಿಗೆ ಹೇಳಬೇಕು.
ಹನ್ನೊಂದಕ್ಕಿಳಿದರೆ ಮೂಟೆ,
ಹದಿಮೂರಾದರೆ ಇನ್ನೊಂದು ಬಿಸಿಲು. ಅಷ್ಟೇ.

ಪೆಟ್ಟಿಗೆಯ ತಲೆಯಲ್ಲಿ ಜಾಗ ಅರವತ್ತನಾಲ್ಕು ಕೆಬಿ.
ನಾನು ಕರೆದದ್ದು ಮೂರು ಲೈಬ್ರರಿ,
ಬಂದಿಳಿದದ್ದು ನಲವತ್ತೇಳು,
ಒಬ್ಬೊಬ್ಬರ ಹಿಂದೆ ಅವರವರ ಭಾವ, ಭಾವನ ಸ್ನೇಹಿತ,
ಸ್ನೇಹಿತನ ಚೀಲ.
ಲಾಕ್ ಫೈಲ್ ತೆರೆದು ಒಂದೊಂದೇ ಹೆಸರು ಓದಿದೆ.
ಇವರನ್ನು ಬರೆದವರಾರೂ ಈ ಕಣ ಕಂಡವರಲ್ಲ.
ಒಬ್ಬರಂತೂ ನಾಲ್ಕು ವರ್ಷದಿಂದ ಮಾತೇ ಆಡಿಲ್ಲ,
ಆದರೂ ಅವರ ಇಪ್ಪತ್ತು ಸಾಲಿನ ಮೇಲೆ
ಬೆಳ್ಯಪ್ಪನವರ ಈ ವರ್ಷದ ಬೆಳೆ ಒಣಗಬೇಕು.

ಪೇಚಿಯಮ್ಮ ಬಂದು ಪೆಟ್ಟಿಗೆ ತಿರುಗಿಸಿ ನೋಡಿದಳು.
"ನಡುಹಗಲಲ್ಲಿ ಈ ಗಾಜು ನೋಡಿದರೆ ನನ್ನ ಮುಖವೇ ಕಾಣುತ್ತೆ,
ನಂಬರ್ ಎಲ್ಲಿ? ಎರಡು ಕೈಯೂ ಗೋರುಮಣೆ ಮೇಲಿರುತ್ತೆ.
ಇದು ಕೂಗಲ್ವಾ?"

ಕೂಗಿಸಬಹುದು. ಮೂರು ಕೆಬಿ ಬೇಕು.
ಇದ್ದದ್ದು ಸೊನ್ನೆ. ಸೊನ್ನೆಗಿಂತ ಕಡಿಮೆ:
ಎರಡು ಕೆಬಿ ಆಗಲೇ ಹೊರಗೆ ಚೆಲ್ಲಿತ್ತು.

ರಾತ್ರಿ ನೆಲ್ಯಹುದಿಕೇರಿಯಿಂದ ಉವೈಸ್ ಫೋನು.
"ಯಾರೋ ಗಡಿಯಾರದ ಫೀಚರ್ ಹಚ್ಚಿದ್ದಾರೆ" ಅಂದ.
ನೀನೇ ಇರಬೇಕು ಅಂದೆ.
ಹಚ್ಚಿದವರು ಯಾರೇ ಇರಲಿ, ಹತ್ತಿದ್ದು ಎಲ್ಲರಿಗೂ;
ಫೀಚರ್ ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ.
ಪಂಕ್ತಿಯ ತುದಿಯಲ್ಲಿ ಒಬ್ಬ ಪಾಯಸ ಕೇಳಿದ್ದಕ್ಕೆ
ಸಕ್ಕರೆ ಕಾಯಿಲೆಯವರ ಎಲೆಗೂ ಸೌಟು ಬಗ್ಗಿದ ಹಾಗೆ.

ಮರವನ್ನು ತಲೆಕೆಳಗು ಮಾಡಿ ಕೇಳಿದೆ ಕಾರ್ಗೋಗೆ:
ಈ ಕೊಂಬೆ ಯಾರ ಬೇರು?
ಅದು ನಾಜೂಕು ಗೊತ್ತಿಲ್ಲದ ಪ್ರಾಣಿ. ನನ್ನನ್ನೇ ತೋರಿಸಿತು.
ಆಗಸ್ಟ್, ರಾತ್ರಿ ಒಂದೂವರೆ,
ತಾರೀಕು ಬರೆಯಲೆಂದು ನಾನೇ ಸೇರಿಸಿದ ಒಂದು ಸಾಲು.
ಬೇಕೇ ಎಂದು ಅದು ಕೇಳಲಿಲ್ಲ,
ಬೇಡ ಎಂದು ನಾನು ಹೇಳಲಿಲ್ಲ.
ಫಿಜಿಯ ಹೊತ್ತು, ಚಿಲಿಯ ಹೊತ್ತು,
ಎಂದೋ ರದ್ದಾದ ಬೇಸಿಗೆ ಗಡಿಯಾರಗಳೆಲ್ಲ
ಮಾದಾಪುರದ ರಸ್ತೆಯನ್ನೂ ದಾಟದ ಪೆಟ್ಟಿಗೆಯೊಳಗೆ
ಆರು ತಿಂಗಳಿಂದ ಕಾಲು ಚಾಚಿ ಮಲಗಿದ್ದವು.

ಡಿಫಾಲ್ಟ್ ಬೇಡ ಎಂದು ಬರೆದೆ. ಒಂದೇ ಪದ, ಒಂದು ಅಲ್ಪವಿರಾಮ.
ನಲವತ್ತೊಂದು ಕೆಬಿ.
ಎದ್ದು ಹೋಗಿ ನೀರು ಕುಡಿದೆ.
ಉವೈಸ್‌ಗೆ ಏನೂ ಹೇಳಲಿಲ್ಲ; ಬೆಳಿಗ್ಗೆ ಹೇಳಿದೆ.

ಜಗಳ ಬಂದದ್ದು ಆಮೇಲೆ.
ಸದ್ದನ್ನು ಐಚ್ಛಿಕ ಮಾಡು ಅಂದ ಅವನು.
"ಪೊಲಿಬೆಟ್ಟದವರಿಗೆ ಗದ್ದಲ ಬೇಡ.
ಬೇಕಾದವರು ಹಚ್ಚಿಕೊಳ್ಳಲಿ, ಅದೇ ಪದ್ಧತಿ."
ಪದ್ಧತಿ ನನಗೂ ಗೊತ್ತು: ಬರಿ ಎಲೆ ಹಾಕು,
ಕೇಳಿದವರಿಗೆ ಕೇಳಿದ್ದು ಬಡಿಸು.
ನಿನ್ನೆ ರಾತ್ರಿಯಷ್ಟೇ ಅದನ್ನು ಕಲಿತು ಮಲಗಿದ್ದೆ.
ಆದರೆ ಕೇಳುವುದೆಂದರೆ ಇಲ್ಲಿ
ಫೈಲ್ ತೆರೆದು ಸಾಲೊಂದು ಬರೆಯುವುದು.
ಪೊಲಿಬೆಟ್ಟದಲ್ಲಿ ಅದನ್ನು ಬರೆಯುವ ಹುಡುಗನಿದ್ದಾನೆ.
ಪೇಚಿಯಮ್ಮನ ಕೈ ಗೋರುಮಣೆಯ ಮೇಲಿದೆ.

ಚೌಕ ಕಂಸದೊಳಗೆ, ಡಿಫಾಲ್ಟ್‌ನ ಎದುರು,
ಒಂದೇ ಒಂದು ಹೆಸರು ಇಟ್ಟೆ: ಸದ್ದು.
ಬೇಡದವರು ಬೇಡ ಎನ್ನಲಿ.

ಜನವರಿ, ಗುರುವಾರ, ಒಂದು ಗಂಟೆಯ ಬಿಸಿಲು.
ಹನ್ನೊಂದಕ್ಕೆ ಇಳಿಯಿತು. ಕೂಗಿತು.
ಆಕೆ ಆಚೆ ತುದಿಯಿಂದ ನಡೆದು ಬಂದಳು,
ಅವಸರವಿಲ್ಲದೆ ಕಾಯೊಂದನ್ನು ಒಡೆದು ಬೀಜ ಕಚ್ಚಿ,
ತಲೆಯಾಡಿಸಿ, ಮೂಟೆ ತರಲು ಹೇಳಿದಳು.
ನಾನು ಏನೋ ಕೇಳಲು ಬಾಯಿ ತೆರೆದೆ.

"ಮನೆ ಕುಕ್ಕರ್ ಥರಾನೇ ಕೂಗುತ್ತೆ ಇದು,
ಎರಡು ಸಲ ಒಲೆ ಆರಿಸೋಕೆ ಓಡಿದೆ.
ಬೇರೆ ಸದ್ದು ಇಲ್ವಾ?"

ಇದೆ. ಇಪ್ಪತ್ತು ಕೆಬಿ ಇನ್ನೂ ಖಾಲಿ ಇದೆ.